ಎಡಚನ ಬಲತೋಳು

ನಮ್ಮ ಈಥನ್ ತೆಫಿಲಿನ್ ಕಟ್ಟಿದ! ತಾನಾಗಿಯೇ ಬಂದು, ತನ್ನ ಬಲತೋಳಿಗೆ, ಜನ ಓಡಾಡುವ ಪಾರ್ಕಿಂಗ್ ಲಾಟಿನಲ್ಲಿ ನಿಂತು ಕಟ್ಟಿದ. ಕಟ್ಟಿದ್ದು ಹೋದ ವರ್ಷ. ಆದರೆ ನನಗೆ ಅದು ಇನ್ನೂ ಇವತ್ತಿನ ಸುದ್ದಿಯೇ. ಮನೆಗೆ ಬಂದವರು ಶೂ ಬಿಚ್ಚುವುದರೊಳಗೆ ಹೇಳಿಬಿಡುತ್ತೇನೆ. "ಪೋಸ್ಟ್ ಹಾಕೋನಿಗೂ ಹೇಳಿದ್ರಿ. ಅವನು ಪಾಪ, ಏನೋ ಕಾಯಿಲೆ ವಾಸಿಯಾಗಿದೆ ಅಂದ್ಕೊಂಡು ಗಾಡ್ ಬ್ಲೆಸ್ ಅಂದು ಹೋದ," ಎಂದು ನನ್ನ ಹೆಂಡತಿ ರಿಬೆಕಾ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಮೊಮ್ಮಗನ ವಿಷಯದಲ್ಲಿ ನನಗೆ ನಾಚಿಕೆ ಇಲ್ಲ.

ಇವತ್ತು ಬೆಳಿಗ್ಗೆ ಚಳಿ ಶುರುವಾಗಿದೆ. ನನ್ನ ವೆಲ್ವೆಟ್ ಚೀಲದ ಜಿಪ್ ಎಳೆದೆ, ಚರ್ಮದ ವಾಸನೆ ಮೂಗಿಗೆ ಹೊಡೆಯಿತು. ಬೇಸಿಗೆಯಲ್ಲಿ ಅದು ಇಷ್ಟು ಎದ್ದು ಬರುವುದಿಲ್ಲ. ಆ ವಾಸನೆಯ ಹಿಂದೆಯೇ ಹೋದ ವರ್ಷದ ಎಲೆ ಉದುರುವ ಫಾಲ್ ಸೀಸನ್ ಪೂರ್ತಿ ಎದ್ದು ಬಂತು. ರಾಕ್‌ವಿಲ್‌ನ ಆ ಅಂಗಡಿ ಸಾಲು, ಹಾರುವ ಎಲೆಗಳು, ಮಡಚುವ ಟೇಬಲ್ಲು, ಎದುರಿಗೆ ನಿಂತ ಬೂದುಬಣ್ಣದ ಕಾರು, ಅದರೊಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ ಹುಡುಗ. ಅದಕ್ಕೇ ಬರೆಯಲು ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಹೇಳಬೇಕು. ನಾವು ಯಹೂದಿಗಳು. ಮೈಸೂರಿನಲ್ಲಿ ಯಹೂದಿಗಳೇ ಎಂದು ಹುಬ್ಬು ಏರಿಸಬೇಡಿ. ನಮ್ಮ ಹಿರಿಯರು ಕೊಂಕಣದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ಅಜ್ಜಿಯ ಕಾಲಕ್ಕೆ ಮನೆಯಲ್ಲಿ ಮರಾಠಿ ಇತ್ತು. ನಮ್ಮ ಕಾಲಕ್ಕೆ ಬೀದಿಯ ಕನ್ನಡವೇ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ರೈಲ್ವೆ ವರ್ಕ್‌ಶಾಪಿನಲ್ಲಿ ಡಬ್ಬಿಗಳ ಸೀಟಿಗೆ ರೆಕ್ಸಿನ್ ಹೊಲಿದು ರಿಟೈರ್ ಆದೆ. ಮಗಳು ರೂತ್ ಮತ್ತು ಅಳಿಯ ಡೇವಿಡ್ ಇಲ್ಲಿ ಮೇರಿಲ್ಯಾಂಡಿನಲ್ಲಿ ಇರುವುದರಿಂದ ನಾವಿಬ್ಬರೂ ಇಲ್ಲಿಗೇ ಬಂದೆವು. ಈಥನ್ ಅವರ ಒಬ್ಬನೇ ಮಗ.

ತೆಫಿಲಿನ್ ಎಂದರೆ ಚರ್ಮದ ಎರಡು ಪುಟ್ಟ ಕಪ್ಪು ಪೆಟ್ಟಿಗೆಗಳು. ಒಳಗೆ ಕೈಯಲ್ಲಿ ಬರೆದ ದೇವರ ವಾಕ್ಯಗಳಿರುತ್ತವೆ. ಒಂದನ್ನು ಎದೆಯ ಕಡೆಗೆ ಬರುವಂತೆ ತೋಳಿಗೆ, ಇನ್ನೊಂದನ್ನು ಹಣೆಯ ಮೇಲೆ ಕೂದಲು ಹುಟ್ಟುವಲ್ಲಿ ಕಟ್ಟಬೇಕು. ಹದಿಮೂರು ತುಂಬಿದ ಗಂಡಸು ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿ ದಿನ), ಹಬ್ಬ ಬಿಟ್ಟು ದಿನವೂ ಹಗಲಿನಲ್ಲಿ ಕಟ್ಟಿ ಪ್ರಾರ್ಥನೆ ಮಾಡಬೇಕು. ಮನಸ್ಸು ಏನು ನೆನೆಯುತ್ತದೆ, ಕೈ ಏನು ಮಾಡುತ್ತದೆ, ಎರಡನ್ನೂ ಒಂದೇ ಪಟ್ಟಿಯಲ್ಲಿ ಬಿಗಿಯುವುದು ಎಂದು ನಮ್ಮಪ್ಪ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಕಟ್ಟುತ್ತಿದ್ದೆ. ಕಟ್ಟಿದ ದಿನ ಬೆನ್ನು ನೆಟ್ಟಗಿರುತ್ತಿತ್ತು.

ಈಥನ್‌ಗೆ ಹದಿಮೂರು ತುಂಬಿದ್ದು 2020ರ ಬೇಸಿಗೆಯಲ್ಲಿ. ಕೊರೋನಾ ಬಂದು ನಮ್ಮ ಪ್ರಾರ್ಥನಾಮಂದಿರ ಸಿನಗಾಗ್‌ಗೆ ಬೀಗ ಬಿದ್ದಿತ್ತು. ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಜೂಮ್‌ನಲ್ಲೇ ಮೊದಲ ಸಲ ತೆಫಿಲಿನ್ ಕಟ್ಟುವ ಶಾಸ್ತ್ರ ಮಾಡಿದೆವು. ಪರದೆಯ ತುಂಬಾ ಪುಟ್ಟಪುಟ್ಟ ಚೌಕಗಳಲ್ಲಿ ನಮ್ಮವರ ಮುಖಗಳು: ಬೆಂಗಳೂರು, ಮುಂಬೈ, ಅಟ್ಲಾಂಟಾ. ಪಾಠ ಹೇಳಿಕೊಟ್ಟಿದ್ದ ಮೇಷ್ಟ್ರೂ ಒಂದು ಚೌಕದಲ್ಲಿದ್ದರು. ನಮ್ಮಪ್ಪನ ತೆಫಿಲಿನ್ನನ್ನೇ ಹುಡುಗನಿಗೆ ತೆಗೆದಿಟ್ಟಿದ್ದೆ. ಅಳಿಯ ಪಟ್ಟಿ ಹಿಡಿದು ನಿಂತ. ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು, "ಯಾವ ಕೈ ಇವನದು?"

ಹಿಂದೆ ನಿಂತಿದ್ದ ರಿಬೆಕಾ ಹೆಮ್ಮೆಯಿಂದ ಕೂಗಿದಳು: "ರೈಟ್ ಹ್ಯಾಂಡ್! ರೈಟ್ ಹ್ಯಾಂಡ್ ಓನ್ಲಿ!"

ಎಲ್ಲ ಚೌಕಗಳೂ ನಕ್ಕವು. ಅವಳು ಹೇಳಿದ್ದು ಊಟದ ವಿಷಯ. ಹುಡುಗ ಬರೆಯುವುದು, ಚೆಂಡು ಎಸೆಯುವುದು, ಹಲ್ಲುಜ್ಜುವುದು ಎಲ್ಲ ಎಡಗೈಯಲ್ಲಿ. ಆದರೆ ತಟ್ಟೆಗೆ ಎಡಗೈ ಹಾಕಲು ಅವನ ಅಜ್ಜಿ ಬಿಡುವುದುಂಟೇ? ನಾವು ಈ ದೇಶಕ್ಕೆ ಬಂದ ಮೊದಲ ದಿನದಿಂದ ಅವನ ಪಕ್ಕ ಕೂತು, "ಪುಟ್ಟಾ, ಆ ಕೈಯಲ್ಲಲ್ಲ, ಈ ಕೈ," ಎಂದು ತಿದ್ದಿ ತಿದ್ದಿ ಅನ್ನ ಕಲಸುವುದನ್ನು ಬಲಗೈಗೆ ತಂದಿದ್ದಳು. ಅದು ಅವಳ ಗೆಲುವು. ಅದನ್ನೇ ಊರಿಗೆಲ್ಲ ಸಾರಿದಳು. ನಮಗಾದರೂ ಏನು ಗೊತ್ತು? ನಮ್ಮ ಕಾಲದಲ್ಲಿ ಎಡಚರೇ ಇರಲಿಲ್ಲ. ಹುಟ್ಟಿದವರನ್ನು ಮನೆಯಲ್ಲಿ ಅಮ್ಮ, ಸ್ಕೂಲಿನಲ್ಲಿ ಮೇಷ್ಟ್ರು ಸೇರಿ ಬಲಕ್ಕೆ ತಿರುಗಿಸಿಬಿಡುತ್ತಿದ್ದರು. ಹದಿಮೂರಕ್ಕೆ ಬರುವಾಗ ಎಲ್ಲರದೂ ಒಂದೇ ಕೈ.

ಬಲಗೈಯವರು ಕಟ್ಟುವ ಹಾಗೆ ಎಡತೋಳಿಗೆ ಕಟ್ಟಿದೆವು. ಹುಡುಗ ಪ್ರಾರ್ಥನೆಯನ್ನು ತಪ್ಪಿಲ್ಲದೆ ಹೇಳಿದ. ಎಲ್ಲರೂ ಮಜಲ್ ತೋವ್ ಎಂದು ಶುಭ ಕೋರಿದರು. ಯಾರೋ, "ನಿನ್ನ ಹೀಬ್ರೂ ಹೆಸರು ಬರೆದು ತೋರಿಸೋ ಮರಿ," ಎಂದರು. ಈಥನ್ ಮಾರ್ಕರ್ ತೆಗೆದುಕೊಂಡ. ಚರ್ಮದ ಪಟ್ಟಿ ಸುತ್ತಿದ್ದ ಅದೇ ಎಡಗೈಯಲ್ಲಿ ಹಿಡಿದುಕೊಂಡು ಬರೆಯತೊಡಗಿದ.

"ಸ್ಟಾಪ್! ಸ್ಟಾಪ್!" ಅಟ್ಲಾಂಟಾದ ಚೌಕದಿಂದ ರಿಬೆಕಾಳ ಅಣ್ಣ ಜೇಕಬ್ ಅರಚಿದರು. "ಹುಡುಗ ಎಡಚ ಕಣ್ರೀ! ರಾಂಗ್ ಆರ್ಮ್! ಎಡಚರು ಬಲಗಡೆ ಕಟ್ಟಬೇಕು. ಇದು ಆಗಲಿಲ್ಲ, ಲೆಕ್ಕಕ್ಕೇ ಇಲ್ಲ. ಬಿಚ್ಚಿ, ಬಿಚ್ಚಿ!"

ಜೇಕಬ್ ಕೆಟ್ಟವರಲ್ಲ. ಮಾತಿಗೆ ಬ್ರೇಕ್ ಇಲ್ಲ, ಅಷ್ಟೇ. ಮೇಷ್ಟ್ರು ಸಮಾಧಾನ ಹೇಳಲು ಹೋದರು. ಮುಂಬೈಯವರೊಬ್ಬರು ಜೇಕಬ್ ಮೇಲೆ ರೇಗಿದರು. ಚೌಕ ಚೌಕಕ್ಕೇ ಜಗಳ ಹತ್ತಿತು. ಅಳಿಯ ಗಡಿಬಿಡಿಯಲ್ಲಿ ಬಿಚ್ಚಿ ಬಲತೋಳಿಗೆ ಕಟ್ಟಲು ನೋಡಿದ. ಪೆಟ್ಟಿಗೆಯ ಗಂಟು ಎದೆಯ ಕಡೆಗೆ ಇರಬೇಕು. ಬಲಗೈಯವರಿಗಾಗಿ ಹಾಕಿದ ಗಂಟು ಈ ತೋಳಿನಲ್ಲಿ ಹೊರಗಡೆ ಮುಖ ಮಾಡಿತು. "ಅದೂ ತಪ್ಪು, ಅದೂ ತಪ್ಪು!" ಎಂದು ಅಟ್ಲಾಂಟಾ ಕೂಗಿತು. ಈಥನ್ ಪಟ್ಟಿಯನ್ನು ತಾನೇ ಬಿಚ್ಚಿದ, ಮೇಜಿನ ಮೇಲಿಟ್ಟ, ಮೆಟ್ಟಿಲು ಹತ್ತಿ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ಆ ದಿನದಿಂದ ಅವನು ತೆಫಿಲಿನ್ ಮುಟ್ಟಲಿಲ್ಲ. ಮೇಷ್ಟ್ರು ಆಮೇಲೆ ಫೋನ್ ಮಾಡಿ, ಗಂಟು ಬದಲಾಯಿಸಿ ಕೊಡಿಸುತ್ತೇನೆ ಎಂದರಂತೆ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾವು ಆ ಮಾತು ತೆಗೆದಾಗಲೆಲ್ಲ ಹುಡುಗ ಎದ್ದು ಹೋಗುತ್ತಿದ್ದ. ಮನೆಯಲ್ಲಿ ಆ ಹೆಸರೇ ನಿಂತುಹೋಯಿತು.

ನಾಲ್ಕು ವರ್ಷ ಹೀಗೇ ಕಳೆದ ಮೇಲೆ ಬಂದದ್ದು ಆ ಫಾಲ್. ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಧರ್ಮದ ಪ್ರಕಾರ ಕೊಯ್ದ ಕೋಷರ್ ಕೋಳಿ ತರಲು ಅಂಗಡಿಗೆ ಹೋಗಿದ್ದೆ. ಬಾಗಿಲ ಪಕ್ಕ ಒಬ್ಬ ಕೆಂಪುಗಡ್ಡದ ಚಿಕ್ಕ ವಯಸ್ಸಿನ ರಬ್ಬಿ, ಅಂದರೆ ನಮ್ಮ ಧರ್ಮಗುರು, ಟೇಬಲ್ ಹಾಕಿ ನಿಂತಿದ್ದರು. ಹೋಗುವವರನ್ನು, ಬರುವವರನ್ನು ನಿಲ್ಲಿಸಿ, "ಎಕ್ಸ್‌ಕ್ಯೂಸ್ ಮಿ, ತಾವು ಯಹೂದಿಯೇ? ಇವತ್ತು ತೆಫಿಲಿನ್ ಕಟ್ಟಿದಿರಾ?" ಎಂದು ಕೇಳುತ್ತಿದ್ದರು. ಹೌದು ಎಂದವರಿಗೆ ಅಲ್ಲೇ ಕಟ್ಟಿಸಿ, ನಾಲ್ಕು ಸಾಲು ಹೇಳಿಸಿ ಕಳಿಸುತ್ತಿದ್ದರು. ನಾನು ಒಳಗೆ ಹೋದೆ, ಕೇಳಲಿಲ್ಲ. ಹೊರಗೆ ಬಂದೆ, ಕೇಳಲಿಲ್ಲ. ಬೇಕೆಂದೇ ಇನ್ನೊಂದು ಸಲ ಒಳಗೆ ಹೋಗಿ ಬಂದೆ. ನನ್ನ ಕಂದು ಮುಖ ನೋಡಿ ಮುಗುಳ್ನಕ್ಕು ದಾರಿ ಬಿಟ್ಟರು.

ನನಗೆ ರೇಗಿತು. "ಯು ಆಸ್ಕ್ ಆಲ್. ವೈ ನಾಟ್ ಮಿ?" ಎಂದೆ.

ರಬ್ಬಿಯ ಮುಖ ಅವರ ಗಡ್ಡದಷ್ಟೇ ಕೆಂಪಾಯಿತು. ಬೆಳಿಗ್ಗೆಯೇ ಕಟ್ಟಿದ್ದೆ, ಪಟ್ಟಿಯ ಗುರುತು ಇನ್ನೂ ಅಳಿಸಿರಲಿಲ್ಲ. ಅಂಗಿಯ ತೋಳು ಮಡಚಿ ತೋರಿಸಿದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹಾಗಾದರೆ ಈ ಕಡೆ ಬನ್ನಿ. ನಾನು ಒಬ್ಬನೇ ಇದ್ದೇನೆ," ಎಂದು ಟೇಬಲ್ಲಿನ ಹಿಂದೆ ಜಾಗ ಮಾಡಿದರು. ಅವರ ಹೆಸರು ರಬ್ಬಿ ಲೇವಿ. ಆ ವಾರದಿಂದ ನಾನು ಅವರ ಜೋಡಿ.

ಮನೆಯಲ್ಲಿ ರೂತ್ ಕೇಳಿ ಬೇಡವೇ ಬೇಡ ಎಂದಳು. ಯಹೂದಿಗಳ ಪಾಲಿಗೆ ಆ ವರ್ಷ ಗಾಳಿಯೇ ಸರಿಯಿರಲಿಲ್ಲ. ಸಿನಗಾಗ್ ಬಾಗಿಲಲ್ಲಿ ಪೊಲೀಸ್ ಕಾರು ನಿಲ್ಲುತ್ತಿತ್ತು. ಅಳಿಯ ಮೆಟ್ರೋ ಹತ್ತುವ ಮುಂಚೆ ತಲೆಯ ಮೇಲಿನ ಪುಟ್ಟ ಟೋಪಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. "ರೋಡಲ್ಲಿ ನಿಂತು ನಾವು ಜ್ಯೂಯಿಶ್ ಅಂತ ಕೂಗೋ ಟೈಮಾ ಇದು ಅಪ್ಪಾ?" ಎಂದಳು. ನಾನು ಕೂಗುವುದಿಲ್ಲ, ಕೇಳುತ್ತೇನೆ ಎಂದೆ. ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಅವಳೇ ಸೋತಳು, ಆದರೆ ಎರಡು ಷರತ್ತು ಹಾಕಿ ಸೋತಳು.

"ಒಬ್ಬರೇ ಹೋಗೋ ಹಾಗಿಲ್ಲ. ಈಥನ್ ಡ್ರೈವ್ ಮಾಡ್ತಾನೆ, ಮುಗಿಯೋ ತನಕ ಅಲ್ಲೇ ಇರ್ತಾನೆ. ಇನ್ನೊಂದು..." ದನಿ ತಗ್ಗಿಸಿದಳು. "ನೀವು ಊರೋರನ್ನೆಲ್ಲ ಕೇಳಿ. ಅವನನ್ನ ಮಾತ್ರ ಕೇಳಬಾರದು. ಒಂದು ಸಲ ಕೂಡ. ಈಗಲೇ ಅವನು ಎಲ್ಲದರಿಂದ ದೂರ ಹೋಗ್ತಿದಾನೆ. ನೀವು ಕೇಳಿ ಅವನು ನೋ ಅಂದ್ಬಿಟ್ರೆ ಅದು ಪರ್ಮನೆಂಟ್ ಆಗ್ಬಿಡುತ್ತೆ. ಪ್ರಾಮಿಸ್ ಮಾಡಿ."

ಮಾಡಿದೆ. ಮಾಡುವಾಗ ಸುಲಭವಾಗಿತ್ತು.

ಶುಕ್ರವಾರ ಸ್ಕೂಲು ಬಿಟ್ಟ ಕೂಡಲೇ ಈಥನ್ ಬರುತ್ತಿದ್ದ. ನನ್ನನ್ನು ಇಳಿಸಿ, ಕಾರನ್ನು ಟೇಬಲ್ಲಿಗೆ ಎದುರಾಗಿ ನಿಲ್ಲಿಸಿಕೊಂಡು ಒಳಗೇ ಕೂರುತ್ತಿದ್ದ. ಫೋನ್ ನೋಡುತ್ತಾನೆ ಅಂದುಕೊಂಡಿದ್ದೆ. ಆಮೇಲೆ ಗಮನಿಸಿದರೆ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣೆದುರಿಗೇ ನಾನು ಗೊತ್ತಿಲ್ಲದ ಗಂಡಸರನ್ನೆಲ್ಲ ಅಡ್ಡಗಟ್ಟಿ, "ಸರ್, ಜ್ಯೂಯಿಶ್? ಟೂ ಮಿನಿಟ್, ಸರ್," ಎನ್ನಬೇಕು. ಅವನನ್ನು ಮಾತ್ರ ಕೇಳುವ ಹಾಗಿಲ್ಲ. ಬಾಯಿಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ನುಂಗದೆ, ಉಗುಳದೆ ನಿಂತ ಹಾಗಿತ್ತು ನನ್ನ ಪಾಡು.

ಜನರೂ ನನ್ನನ್ನು ಕಂಡು ತಬ್ಬಿಬ್ಬಾಗುತ್ತಿದ್ದರು. "ನಾನು ಯಹೂದಿಯೇ, ನೀವು?" ಎಂದು ನನಗೇ ಮರುಪ್ರಶ್ನೆ. ಒಮ್ಮೆ ತರಕಾರಿ ಚೀಲ ಹಿಡಿದ ಹೆಣ್ಣುಮಗಳೊಬ್ಬಳು ನಾನು ಗೊಣಗಿದ್ದು ಕೇಳಿ ನಿಂತಳು.

"ಅಂಕಲ್, ಕನ್ನಡಾನಾ?"

"ಹೂಂ ಕಣಮ್ಮ. ಮೈಸೂರು."

"ಅಯ್ಯೋ, ನಾವೂ ಮೈಸೂರೇ! ಏನಂಕಲ್ ಇದು, ನಮ್ಮ ಜನಿವಾರದ ಥರಾನಾ?"

"ಹಾಗೇ ಅಂದ್ಕೋ. ಆದ್ರೆ ನಿಮ್ಮದು ಕಟ್ಟಿದ್ರೆ ಕಟ್ಟಿದ ಹಾಗೇ. ನಮ್ಮದು ದಿನಾ ಬಿಚ್ಚಿ ದಿನಾ ಕಟ್ಟೋದು. ಮರೆಯೋಕೆ ದಿನಾ ಒಂದು ಅವಕಾಶ."

ಅವಳು ನಕ್ಕು ಹೋದಳು. ಕಾರಿನ ಗಾಜಿನ ಹಿಂದೆ ಈಥನ್ ಕೂಡ ನಕ್ಕ ಹಾಗಾಯಿತು. ಕಿಟಕಿ ಇಳಿದಿತ್ತೇ? ಹೆಡ್‌ಫೋನ್ ಕುತ್ತಿಗೆಗೆ ಬಂದಿತ್ತೇ? ನೋಡಲು ಹೆದರಿ ಬೇರೆ ಕಡೆ ತಿರುಗಿದೆ.

ರಬ್ಬಿ ಲೇವಿಯವರ ನಿಯಮ ಒಂದೇ. "ಒತ್ತಾಯ ಬೇಡ. ಇಲ್ಲ ಅಂದರೆ ಗುಡ್ ಶಬ್ಬಾತ್ ಹೇಳಿ ಬಿಟ್ಟುಬಿಡಿ. ಮುಂದಿನ ವಾರ ಮತ್ತೆ ಕೇಳಿ." ಬೈದು ಹೋದವರಿದ್ದರು. ಕಟ್ಟಿಸಿಕೊಂಡು ಕಣ್ಣೊರೆಸಿಕೊಂಡು ಹೋದವರೂ ಇದ್ದರು. ಅಪ್ಪ ತೀರಿಕೊಂಡ ಮೇಲೆ ಇದೇ ಮೊದಲು ಎಂದ ಒಬ್ಬ ಪ್ಲಂಬರ್, ಕೈಯ ಗ್ರೀಸ್ ಒರೆಸಿಕೊಳ್ಳಲು ನನ್ನ ಕರ್ಚೀಫನ್ನೇ ಇಸಿದುಕೊಂಡ.

ಅಕ್ಟೋಬರ್ ಹಬ್ಬಗಳು ಮುಗಿದ ಮೇಲಿನ ಒಂದು ವಾರ. ಆಸ್ಪತ್ರೆಯ ನೀಲಿ ಬಟ್ಟೆ ಹಾಕಿದ ಒಬ್ಬ ತೋಳು ಚಾಚಿ ನಿಂತ. ರಬ್ಬಿ ಎಂದಿನಂತೆ ಮೊದಲು ಕೇಳಿದರು, "ಬರೆಯೋದು ಬಲಗೈಯೋ ಎಡಗೈಯೋ?" ಅವನು ಎಡ ಎಂದ. ರಬ್ಬಿ ಬಗ್ಗಿ, ಟೇಬಲ್ ಕೆಳಗಿನ ಪೆಟ್ಟಿಗೆಯಿಂದ ಬೇರೊಂದು ನೀಲಿ ಚೀಲ ತೆಗೆದರು. ಅದರೊಳಗಿನ ತೆಫಿಲಿನ್ನನ್ನು ಅವನ ಬಲತೋಳಿಗೆ ಏರಿಸಿದರು. ಗಂಟು ಸರಿಯಾಗಿ ಎದೆಯ ಕಡೆಗೆ ಬಂದು ಕೂತಿತು.

"ಇದೇನು?" ಎಂದೆ.

"ಎಡಚರದ್ದು. ಗಂಟು ಬೇರೆ ಥರ ಹಾಕಿರುತ್ತೆ. ಯಾವಾಗಲೂ ಒಂದು ಜೊತೆ ಇಟ್ಟುಕೊಂಡಿರ್ತೀನಿ."

ಎಡಚರಿಗೆಂದೇ ಇದೆ! ತಪ್ಪಿದವರಿಗೆ ತಿದ್ದಿ ಕೊಡುವುದಲ್ಲ, ಅವರಿಗೆಂದೇ ಮೊದಲಿನಿಂದ ಇರುವುದು. ನಾಲ್ಕು ವರ್ಷ ನಮ್ಮ ಹುಡುಗ ತನ್ನ ತೋಳೇ ತಪ್ಪು ಎಂದುಕೊಂಡು ಕೂತಿದ್ದಾನೆ. ಓಡಿಹೋಗಿ ಕಾರಿನ ಗಾಜು ಬಡಿಯಬೇಕು ಅನಿಸಿತು. ಪ್ರಾಮಿಸ್ ನೆನಪಾಯಿತು. ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತುಕೊಂಡೆ.

ಮನೆಗೆ ಬಂದು ರಿಬೆಕಾಳಿಗೆ ಹೇಳಿದೆ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ನನ್ನ ಬಾಯಿಂದಲೇ ಅಲ್ವೇನ್ರೀ ಆಗಿದ್ದು," ಎಂದಳು. ಈರುಳ್ಳಿಗೆ ಬರುವ ಕಣ್ಣೀರು ಅದಲ್ಲ ಎಂದು ನನಗೆ ಗೊತ್ತಾಯಿತು. ಸ್ವಲ್ಪ ಹೊತ್ತಿನ ಮೇಲೆ ತಾನೇ ಉಪಾಯ ಹೇಳಿದಳು. "ಕೇಳಬಾರದು ಅಂದಿದಾಳೆ ರೂತ್. ತೋರಿಸಬಾರದು ಅಂದಿಲ್ಲ."

ಮರುವಾರದಿಂದ ಆ ನೀಲಿ ಚೀಲ ಪೆಟ್ಟಿಗೆಯೊಳಗೆ ಇರಲಿಲ್ಲ. ಟೇಬಲ್ಲಿನ ತುದಿಯಲ್ಲಿ, ಕಾರಿನ ಮುಂದಿನ ಗಾಜಿಗೆ ನೇರವಾಗಿ ಇಡುತ್ತಿದ್ದೆ. ಎಡಚರು ಬಂದಾಗ, ನನ್ನ ಮುರುಕು ಇಂಗ್ಲಿಷಿನಲ್ಲಿ, ಪಾರ್ಕಿಂಗ್ ಲಾಟಿಗೆಲ್ಲ ಕೇಳಿಸುವ ಹಾಗೆ, "ಲೆಫ್ಟ್ ಹ್ಯಾಂಡ್? ವೆರಿ ಗುಡ್ ಸರ್! ಸ್ಪೆಷಲ್ ಫಾರ್ ಯು!" ಎನ್ನುತ್ತಿದ್ದೆ. ರಬ್ಬಿ ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು, ಕಾರನ್ನು ನೋಡಿದರು. ಮನೆಗೆ ಹೋಗುವ ದಾರಿಯಲ್ಲಿ ನಾನು ಹವಾಮಾನದ ಬಗ್ಗೆ ಮಾತಾಡಿದೆ. ಅವನು, "ಹೂಂ ತಾತ," ಎಂದ. ಅಷ್ಟೇ.

ಅದಾದ ಮುಂದಿನ ವಾರವೇ ಆ ಗಲಾಟೆ. ಒಂದು ಪಿಕಪ್ ಟ್ರಕ್ ನಿಧಾನ ಮಾಡಿತು. ಕಿಟಕಿಯಿಂದ ಯಾರೋ ಏನೋ ಕೆಟ್ಟದ್ದು ಕೂಗಿ ದೊಡ್ಡ ಕೋಲಾ ಲೋಟ ಎಸೆದರು. ಅದು ಟೇಬಲ್ಲಿನ ಕಾಲಿಗೆ ಬಡಿದು ಒಡೆಯಿತು. ನಾನು ಯೋಚಿಸಲಿಲ್ಲ, ನೀಲಿ ಚೀಲವನ್ನು ಎದೆಗೆ ಅವುಚಿಕೊಂಡು ಬಗ್ಗಿದೆ. ಎದ್ದಾಗ ಪ್ಯಾಂಟೆಲ್ಲ ಅಂಟು, ಶೂ ಒಳಗೆ ಐಸು. ಟ್ರಕ್ ಹೋಗಿತ್ತು. ಈಥನ್ ಕಾರಿನ ಬಾಗಿಲನ್ನು ತೆರೆದೇ ಬಿಟ್ಟು ಓಡಿ ಬಂದಿದ್ದ. ಅವನ ತುಟಿ ಬಿಳಿಚಿಕೊಂಡಿತ್ತು.

"ತಾತ, ಆರ್ ಯು ಓಕೆ? ಏಟು ಆಯ್ತಾ? ತಾತ!"

"ಏನಿಲ್ಲ ಕಂದ. ಒದ್ದೆ ಆಯ್ತು ಅಷ್ಟೇ."

ಅವನ ಕಣ್ಣು ನನ್ನ ಎದೆಯ ಮೇಲಿನ ಚೀಲದ ಮೇಲೆ ನಿಂತಿತು. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ರೂತ್, "ಮುಗೀತು, ಇನ್ನು ಹೋಗೋದು ಬೇಡ," ಎಂದಳು. ಅಳಿಯನೂ ತಲೆಯಾಡಿಸಿದ. ನನಗೂ ಹೆದರಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಸರಿ ಎನ್ನಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಈಥನ್, "ನೋ," ಎಂದ. ಎಲ್ಲರೂ ಅವನ ಕಡೆ ತಿರುಗಿದೆವು. "ತಾತ ಹೋಗ್ತಾರೆ. ಐ ವೋಂಟ್ ಸಿಟ್ ಇನ್ ದ ಕಾರ್. ನಾನು ಪಕ್ಕ ನಿಂತ್ಕೋತೀನಿ."

ನಿಂತುಕೊಂಡ. ಮುಂದಿನ ಶುಕ್ರವಾರಗಳಲ್ಲಿ ಕಾರು ಖಾಲಿ. ಅವನು ನನ್ನ ಎಡಕ್ಕೆ, ಜಾಕೆಟ್ ಜೇಬಿನಲ್ಲಿ ಕೈ ಹಾಕಿಕೊಂಡು, ಹೋಗುವ ಪ್ರತಿಯೊಂದು ಗಾಡಿಯನ್ನೂ ನೋಡುತ್ತಾ. ನೀಲಿ ಚೀಲ ಅವನ ಮೊಣಕೈಗೆ ತಾಕುವಷ್ಟು ಹತ್ತಿರ. ಹಿಂದೆ ಗಾಜು ಅಡ್ಡ ಇತ್ತು, ಈಗ ಅದೂ ಇಲ್ಲ. ಚಳಿಗಾಲಕ್ಕೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನವೂ ಕಳೆದು ಹಗಲು ಕುಗ್ಗಿತು. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಮನೆ ಸೇರಿ ದೀಪ ಹಚ್ಚಬೇಕು. ಆಮೇಲೆ ಕಾರು ಓಡಿಸುವಂತಿಲ್ಲ. ಶಬ್ಬಾತ್ ಹೊತ್ತಿಗೆ ತೆಫಿಲಿನ್ನೂ ಇಲ್ಲ. ಹೀಗಾಗಿ ಈಥನ್ ಸ್ಕೂಲು ಬಿಟ್ಟು ಬಂದ ಮೇಲೆ ನಮಗೆ ಸಿಗುವ ಹೊತ್ತು ಅಂಗೈಯಷ್ಟೇ. "ಇವತ್ತು ಈ ವರ್ಷದ ಕೊನೆಯ ಟೇಬಲ್," ಎಂದರು ರಬ್ಬಿ ಲೇವಿ ಒಂದು ವಾರ. "ಇನ್ನು ಬೇಸಿಗೆಗೇ."

ಬೇಸಿಗೆ ದಾಟಿದರೆ ಈಥನ್ ಕಾಲೇಜಿಗೆ ಹೋಗುತ್ತಾನೆ. ದೂರದ ಷಾರ್ಲೆಟ್ ಊರಿಗೋ ಇನ್ನೆಲ್ಲಿಗೋ. ನಾನು ಎಪ್ಪತ್ತು ದಾಟಿದವನು.

ಕೊನೆಯ ಹೊತ್ತಿನಲ್ಲಿ ಒಬ್ಬ ಮುದುಕರು ಬಂದರು. ಅಂಗಡಿಯ ತಳ್ಳುಗಾಡಿಯಲ್ಲಿ ಶಬ್ಬಾತ್‌ನ ಜಡೆ ಬ್ರೆಡ್ಡು, ದ್ರಾಕ್ಷಿ ರಸ. ನಾನು ಕೇಳಿದೆ. ಅವರು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈಥನ್ ಕಡೆ ಗದ್ದ ತೋರಿಸಿದರು.

"ಆ ಹುಡುಗ ನಿಮ್ಮವನೇ?"

"ಎಸ್ ಸರ್. ಗ್ರ್ಯಾಂಡ್‌ಸನ್."

"ಅವನು ಕಟ್ಟಿದನೇ?"

ನಾನು ನೀಲಿ ಚೀಲದ ಕಡೆ ನೋಡಿದೆ. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಹುಡುಗನನ್ನು ಮತ್ತೊಮ್ಮೆ ಎಲ್ಲರೆದುರು ನಿಲ್ಲಿಸಿದ ಹಾಗೆ. ರಬ್ಬಿ ಪೆಟ್ಟಿಗೆ ತುಂಬುತ್ತಿದ್ದವರು ಕೈ ನಿಲ್ಲಿಸಿದರು.

ಮುದುಕರು ತಲೆಯಾಡಿಸಿದರು. "ಮನೆಯವರನ್ನೇ ಕೇಳದವರು ನನ್ನನ್ನು ಯಾಕೆ ಕೇಳುತ್ತೀರಿ?" ಎಂದು ಗಾಡಿ ತಳ್ಳಿಕೊಂಡು ತಮ್ಮ ಕಾರಿನ ಕಡೆ ನಡೆದರು. ಆ ಗಾಡಿಯ ಒಂದು ಚಕ್ರ ಕಿರ್ ಕಿರ್ ಎನ್ನುತ್ತಿತ್ತು.

"ತಾತ," ಎಂದ ಈಥನ್. "ನನ್ನ ಯಾಕೆ ಕೇಳಲ್ಲ?"

ನಾನು ರಬ್ಬಿಯನ್ನು ಕೇಳಿದ್ದ ಮಾತೇ ಅದು.

"ನಿಮ್ಮಮ್ಮಂಗೆ ಪ್ರಾಮಿಸ್ ಮಾಡಿದೀನಿ ಕಣೋ."

ಅವನು ನನ್ನ ಕಡೆ ತಿರುಗಿದ. "ಎಲ್ಲಾ ವೀಕ್? ಆಲ್ ದಿಸ್ ಟೈಮ್? ಐ ಥಾಟ್..." ಜೇಬಿನಿಂದ ಕೈ ತೆಗೆದ. "ನಂದು ಕೌಂಟ್ ಆಗಲ್ಲ ಅಂತ ಕೇಳಲ್ಲ ಅಂದ್ಕೊಂಡೆ."

ವಾರವಾರವೂ ನಾನು ಬಾಯಿ ಕಟ್ಟಿಕೊಂಡು ನಿಂತದ್ದನ್ನು ಈ ಮಗು ಹೀಗೆ ಓದಿಕೊಂಡಿತ್ತು!

"ದೆನ್ ಕಾಲ್ ಅಮ್ಮ," ಎಂದ.

ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಸೂರ್ಯ ಎದುರಿನ ಔಷಧಿ ಅಂಗಡಿಯ ಬೋರ್ಡಿನ ಮಟ್ಟಕ್ಕೆ ಇಳಿದಿದ್ದ. ರಬ್ಬಿ ಗಡಿಯಾರ ನೋಡಿಕೊಂಡರು. ಅವರೂ ಮನೆ ಸೇರಬೇಕು. ಮತ್ತೆ ಮಾಡಿದೆ. ಎತ್ತಿದ್ದು ರಿಬೆಕಾ.

"ಏನ್ರೀ? ಇನ್ನೂ ಅಲ್ಲೇ ಇದೀರಾ? ದೀಪ ಹಚ್ಚೋ ಹೊತ್ತಾಗ್ತಾ ಬಂತು!"

"ರೂತ್‌ಗೆ ಕೊಡು ಬೇಗ."

"ಅವಳ ಕೈಯೆಲ್ಲಾ ಹಿಟ್ಟು. ನಂಗೆ ಹೇಳಿ."

"ಈಥನ್ ನನ್ನ ಕೇಳು ಅಂತಿದಾನೆ."

ಆ ಕಡೆ ಪಾತ್ರೆ ಬಿದ್ದ ಸದ್ದು. "ಕೇಳ್ರೀ ಮತ್ತೆ! ನಾನ್ ಹೇಳ್ತಿದೀನಿ, ಕೇಳಿ!"

"ಪ್ರಾಮಿಸ್ ಮಾಡಿದ್ದು ಅವಳಿಗೆ ಕಣೇ."

ಫೋನ್ ಕೈ ಬದಲಾಯಿತು. ರೂತ್ ದನಿ ಸಣ್ಣಗೆ ಬಂತು.

"ಕೇಳಿ ಅಪ್ಪಾ."

ಫೋನ್ ಜೇಬಿಗೆ ಹಾಕಿದೆ. ಶರ್ಟಿನ ಕಾಲರ್ ಸರಿಮಾಡಿಕೊಂಡೆ. ಟೇಬಲ್ಲಿನ ಹಿಂದೆ ನೆಟ್ಟಗೆ ನಿಂತೆ. ಅವನು ತಾನಾಗಿಯೇ ಸುತ್ತಿ ಬಂದು ಎದುರು ನಿಂತ, ಗಿರಾಕಿ ನಿಲ್ಲುವ ಜಾಗದಲ್ಲಿ.

"ಎಕ್ಸ್‌ಕ್ಯೂಸ್ ಮಿ, ಸರ್. ಜ್ಯೂಯಿಶ್?"

"ಎಸ್ ಸರ್."

"ಟುಡೇ, ತೆಫಿಲಿನ್?"

"ನಾಟ್ ಯೆಟ್."

ಮುಂದಿನ ಪ್ರಶ್ನೆ ಇತ್ತು. "ರೈಟ್ ಹ್ಯಾಂಡ್, ಲೆಫ್ಟ್ ಹ್ಯಾಂಡ್?"

"ಎಡಚ, ತಾತ," ಎಂದ ಅವನು ಕನ್ನಡದಲ್ಲಿ. "ನಾನು ಎಡಚ."

ಜಾಕೆಟ್ ಕಳಚಿದ, ಬಲತೋಳಿನ ಅಂಗಿ ಮಡಚಿದ. ನೀಲಿ ಚೀಲವನ್ನು ರಬ್ಬಿ ಬಿಚ್ಚಿದರು. ಏರಿಸುವುದನ್ನು ಮಾತ್ರ ನನಗೇ ಬಿಟ್ಟರು. ಜೀವನವಿಡೀ ಎಡತೋಳಿಗೆ ಕಟ್ಟಿದ ಕೈ ನನ್ನದು. ಎಲ್ಲವೂ ತಿರುಗುಮುರುಗು, ಕನ್ನಡಿಯಲ್ಲಿ ಶೇವ್ ಮಾಡಿಕೊಂಡ ಹಾಗೆ. ಪಟ್ಟಿ ಜಾರಿತು. "ಐ ಗಾಟ್ ಇಟ್," ಎಂದು ಅವನು ಎಡಗೈಯಿಂದ ಹಿಡಿದು ತಾನೇ ಬಿಗಿದುಕೊಂಡ. ಅವನ ಬಲಿಷ್ಠ ಕೈ ಅದೇ ಅಲ್ಲವೇ, ಕಟ್ಟುವ ಕೆಲಸ ಮಾಡಬೇಕಾದದ್ದೂ ಅದೇ. ಪ್ರಾರ್ಥನೆ ಹೇಳಿದ. ಮೊಣಕೈಯಿಂದ ಕೆಳಗೆ ಏಳು ಸುತ್ತು ಸುತ್ತಿದ. ಹಣೆಯದನ್ನು ನಾನು ಇಟ್ಟೆ, ಅವನು ನನಗಾಗಿ ತಲೆ ಬಗ್ಗಿಸಬೇಕಾಯಿತು, ಅಷ್ಟು ಉದ್ದ ಬೆಳೆದಿದ್ದಾನೆ. ಕಣ್ಣು ಮುಚ್ಚಿ, ದೇವರು ಒಬ್ಬನೇ ಎನ್ನುವ ಶೆಮಾ ಪ್ರಾರ್ಥನೆ ಹೇಳಿದ. ಹದಿಮೂರರಲ್ಲಿ ಕಲಿತದ್ದು ಒಂದಕ್ಷರ ಮರೆತಿರಲಿಲ್ಲ.

ಅಷ್ಟು ದೂರದಲ್ಲಿ ಆ ಮುದುಕರ ಕಾರಿನ ದೀಪ ಹೊತ್ತಿತ್ತು. ಆದರೆ ಅದು ಹೊರಡಲಿಲ್ಲ. ಹುಡುಗ ಪಟ್ಟಿ ಬಿಚ್ಚಿ ಮಡಚುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಮೆಲ್ಲಗೆ ಹೋಯಿತು.

ರಬ್ಬಿ ಲೇವಿ ನೀಲಿ ಚೀಲವನ್ನು ಈಥನ್ ಕಂಕುಳಿಗೆ ಸಿಕ್ಕಿಸಿ, "ಓಡಿ, ಓಡಿ, ಶಬ್ಬಾತ್ ಬಂತು!" ಎಂದು ನಮ್ಮನ್ನು ಓಡಿಸಿದರು. ಪ್ರತಿಯೊಂದು ಸಿಗ್ನಲ್ಲೂ ಕೆಂಪು. ನಾವು ಬಾಗಿಲು ದೂಡಿದಾಗ ರೂತ್ ಬೆಂಕಿಕಡ್ಡಿ ಹಿಡಿದು ನಿಂತಿದ್ದಳು. ಮಗನ ಬಲತೋಳಿನ ಮೇಲಿನ ಕೆಂಪು ಬಳೆಗಳಂತಹ ಗುರುತನ್ನು ನೋಡಿದಳು. ಕಡ್ಡಿ ಗೀರಿದಳು. ದೀಪ ಹಚ್ಚಿ, ಪ್ರಾರ್ಥನೆಗೆಂದು ಕೈಯಲ್ಲಿ ಮುಖ ಮುಚ್ಚಿಕೊಂಡವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಆಮೇಲೆ ಊಟಕ್ಕೆ ಕೂತೆವು, ಐವರೂ. ಅಳಿಯ ದ್ರಾಕ್ಷಿರಸದ ಲೋಟ ಹಿಡಿದು ಪ್ರಾರ್ಥನೆ ಹೇಳಿದ, ಬ್ರೆಡ್ಡು ಮುರಿದು ಹಂಚಿದ. ರಿಬೆಕಾ ತೆಂಗಿನಹಾಲಿನ ಮೀನುಸಾರು ಮಾಡಿದ್ದಳು, ನಮ್ಮತ್ತೆ ಕಲಿಸಿದ್ದು, ಬಿಸಿ ಅನ್ನದ ಮೇಲೆ ಹಬೆಯಾಡುತ್ತಿತ್ತು. ಅಳಿಯ ಯಾವುದೋ ಜೋಕು ಹೇಳಲು ನೋಡಿದ, ಅರ್ಧಕ್ಕೆ ನಿಲ್ಲಿಸಿ ನೀರು ಕುಡಿದ. ನಾನು ಎಲ್ಲರಿಗೂ ಎರಡೆರಡು ಸಲ ಅದೇ ಕಥೆ ಹೇಳಿದೆ.

ಈಥನ್ ತಟ್ಟೆಗೆ ಕೈ ಹಾಕಿದ. ಎಡಗೈ.

ಮರೆತು ಹಾಕಿದನೋ, ಬೇಕೆಂದೇ ಹಾಕಿದನೋ. ಹಾಕಿದ ಮೇಲೆ ಅವನಿಗೂ ಗೊತ್ತಾಯಿತು. ಬೆರಳು ಅನ್ನದಲ್ಲೇ ನಿಂತಿತು, ಕಣ್ಣು ಅಜ್ಜಿಯ ಕಡೆ ಹೋಯಿತು. ಎಲ್ಲರ ಕೈಯೂ ನಿಂತಿತು. ರೂತ್ ತಾಯಿಯನ್ನೇ ನೋಡಿದಳು. ರಿಬೆಕಾ ಎದ್ದಳು. ಅವನ ಪಕ್ಕಕ್ಕೆ ಬಂದಳು. ಎಡಗಡೆಯಿದ್ದ ನೀರಿನ ಲೋಟವನ್ನು ತೆಗೆದು ಬಲಗಡೆಗೆ ಇಟ್ಟಳು, ಎಡಗೈ ಆಡಲು ಜಾಗವಾಗುವ ಹಾಗೆ. ಮೀನಿನ ಬಟ್ಟಲನ್ನು ಅವನ ಎಡಗಡೆಗೆ ಸರಿಸಿ, ದೊಡ್ಡ ತುಂಡನ್ನೇ ಹುಡುಕಿ ಬಡಿಸಿದಳು.

"ಮುಳ್ಳು ನೋಡ್ಕೊಂಡು ತಿನ್ನೋ ಪುಟ್ಟಾ," ಎಂದಳು.